ಓದುಗರ ಸ್ಪಂದನ: ‘ನೀವಿಬ್ಬರೂ ನನಗೆ ಒಂದೇ’ ಅಂದರೆ ಹೇಗೆ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು: “ಹಾಸಿಗೆ ಹಿಡಿದ ಅಮ್ಮನನ್ನು 9 ವರ್ಷದಿಂದ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಮನೆ ಬಿಟ್ಟು ಹೋಗಿದ್ದ ತಮ್ಮ ಈಗ ತಪ್ಪಾಯಿತು ಅಂತ ವಾಪಸ್ ಬಂದಿದ್ದಾನೆ. ‘ನೀವಿಬ್ಬರೂ ನನಗೆ ಒಂದೇ’ ಅಂದರು ಅಮ್ಮ. ಭಾನುವಾರ ಚರ್ಚಿನ ಪ್ರಸಂಗದಲ್ಲಿ ಯೇಸು ಹೇಳಿದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯ (ದೃಷ್ಟಾಂತ ಕಥೆ) ಕೇಳಿ ಇನ್ನೂ ನೊಂದೆ. ಬೆಳಗಿನಿಂದ ದುಡಿದವರಿಗೂ ಸಂಜೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟನಂತೆ. ದೇವರ ಲೆಕ್ಕವೂ ಇದೇನಾ? ಪ್ರಾರ್ಥನೆಗೆ ಕೂರಲೂ ಮನಸ್ಸಿಲ್ಲ.” ಅವರಿಗೆ ಮೂವರು ಓದುಗರು ಬರೆದ ಉತ್ತರಗಳು ಇಲ್ಲಿವೆ.

*

ಸಹೋದರಿ, ನಿಮ್ಮ ಪತ್ರ ಓದಿ ನನಗೆ ಅತ್ತೆಯ ಕೋಣೆ ನೆನಪಾಯಿತು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಒಂದು ಕೈ ಹೆಗಲ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಮಾಡಿದವರಿಗೇ ಗೊತ್ತು ಅದು. ನಿಮ್ಮ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ.

ಬೈಬಲ್‌ನ ಲೂಕ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಇಬ್ಬರು ಮಕ್ಕಳ ಕಥೆಯನ್ನು ಒಮ್ಮೆ ಓದಿ. ಎಲ್ಲರೂ ಆಸ್ತಿಯ ಪಾಲು ತೆಗೆದುಕೊಂಡು ಹೋಗಿ, ಹಾಳಾಗಿ ವಾಪಸ್ ಬಂದ ಕಿರಿಯ ಮಗನ ಬಗ್ಗೆಯೇ ಮಾತಾಡುತ್ತಾರೆ. ನೀವು ದೊಡ್ಡವನನ್ನು ನೋಡಿ. ಹೊಲದಿಂದ ದಣಿದು ಬರುತ್ತಾನೆ, ಮನೆಯೊಳಗೆ ಹಾಡು, ಕುಣಿತ. ನಾನು ಒಳಗೆ ಬರಲ್ಲ ಅಂತ ಹೊರಗೇ ನಿಲ್ಲುತ್ತಾನೆ. ಆಗ ಅಪ್ಪ ಔತಣ ಬಿಟ್ಟು ಹೊರಗೆ ಬರುತ್ತಾನೆ. ಕಿರಿಯವನಿಗಾಗಿ ಓಡಿದ ಅಪ್ಪನೇ ಇವನಿಗಾಗಿಯೂ ಎದ್ದು ಬಂದ. ನನ್ನದೆಲ್ಲ ನಿನ್ನದೇ ಅಂತಾನೆ. ದೊಡ್ಡವನು “ಈ ನಿನ್ನ ಮಗ” ಅನ್ನುತ್ತಾನೆ, ಅಪ್ಪ “ಈ ನಿನ್ನ ತಮ್ಮ” ಅಂತ ಮೆಲ್ಲಗೆ ತಿದ್ದುತ್ತಾನೆ. ಆ ಒಂದು ಮಾತಿನಲ್ಲಿ ಎಷ್ಟಿದೆ ನೋಡಿ!

ಕೊನೆಗೆ ದೊಡ್ಡವನು ಒಳಗೆ ಹೋದನಾ? ಯೇಸು ಹೇಳಲೇ ಇಲ್ಲ. ನೀವೂ ಇನ್ನೂ ಅಂಗಳದಲ್ಲೇ ನಿಂತಿದ್ದರೆ ಅವಸರ ಬೇಡ. ಪ್ರಾರ್ಥನೆಗೆ ಕೂತು ಜಗಳವನ್ನೇ ಆಡಿ. ಅವನೂ ಅಪ್ಪನ ಹತ್ತಿರ ಜಗಳವನ್ನೇ ಆಡಿದ್ದು. ಅಪ್ಪ ಬೈಯಲಿಲ್ಲ.

*

ನಾನು ಬಹಳ ವರ್ಷ ದಿನಗೂಲಿ ಮಾಡಿದವನು. ಮತ್ತಾಯ 20ರ ಆ ಸಾಮ್ಯ ನನಗೆ ಬೇರೆ ಥರ ಕೇಳಿಸುತ್ತದೆ. ಬೆಳಗಿನಿಂದ ಬಿಸಿಲಲ್ಲಿ ಬೆಂದವರ ಬೆವರು ನಿಜ. ಆದರೆ ಸಂಜೆ 5ರವರೆಗೂ ಪೇಟೆಯಲ್ಲೇ ನಿಂತಿದ್ದವರು? ಯಾಕೆ ಸುಮ್ನೆ ನಿಂತಿದ್ದೀರಿ ಅಂತ ಕೇಳಿದರೆ, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಅಂದರು. ಆ ನಿಲ್ಲುವುದು ನನಗೆ ಗೊತ್ತು. ಮೇಸ್ತ್ರಿ ಬಂದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಬೇಕು. ಪಕ್ಕದವನನ್ನು ಕರೆದುಕೊಂಡು ಹೋದಾಗ ನಮ್ಮ ಚಪ್ಪಲಿ ನಾವೇ ನೋಡಿಕೊಳ್ಳಬೇಕು. ಮಧ್ಯಾಹ್ನ ದಾಟಿದ ಮೇಲೆ ಮನೆಗೆ ಹೋಗಲು ಮುಖವಿರುವುದಿಲ್ಲ.

ಯಜಮಾನ ಎಲ್ಲರಿಗೂ ಕೊಟ್ಟ ಒಂದು ದಿನಾರಿ ನಾಣ್ಯ ಅಂದರೆ ಆ ಕಾಲದ ಒಂದು ದಿನದ ಕೂಲಿ. ಒಂದೇ ಗಂಟೆ ದುಡಿದವನಿಗೆ ಅದರ ಹನ್ನೆರಡನೇ ಒಂದು ಪಾಲು ಕೊಟ್ಟರೆ ಲೆಕ್ಕ ಸರಿಯಾಗುತ್ತದೆ. ಅವನ ಮಕ್ಕಳ ಹಸಿವು ಹನ್ನೆರಡನೇ ಒಂದು ಪಾಲು ಆಗಲ್ಲ, ಅಲ್ವಾ? ಬಡವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕು, ಅವನ ಜೀವ ಅದರ ಮೇಲೇ ಇರುತ್ತದೆ ಅಂತ ಬೈಬಲ್‌ನ ಧರ್ಮೋಪದೇಶಕಾಂಡ 24ರಲ್ಲಿದೆ. ಯಜಮಾನ ಆ ಹಸಿವು ನೋಡಿ ಕೊಟ್ಟ ಅಂತ ನನ್ನ ನಂಬಿಕೆ. ಬೆಳಗಿನವರಿಗೆ ಮಾತಾಡಿದ್ದರಲ್ಲಿ ಒಂದು ಕಾಸೂ ಕಡಿಮೆ ಮಾಡಲಿಲ್ಲ.

ನಿಮ್ಮ ತಮ್ಮ ಹೋದದ್ದು ಯಾರೂ ಕೆಲಸ ಕೊಡಲಿಲ್ಲ ಅಂತ ಅಲ್ಲ, ಒಪ್ಪುತ್ತೇನೆ. ಆದರೂ ಆ 9 ವರ್ಷ ಅವನಿಗೆ ಹಬ್ಬವಾಗಿತ್ತು ಅಂತ ಅಂದುಕೊಳ್ಳಬೇಡಿ.

*

ಅಕ್ಕಾ, ನಾನು ನಿಮ್ಮ ತಮ್ಮನಂಥವನು. ಕುಡಿತಕ್ಕೆ ಬಿದ್ದು ಮನೆ ಬಿಟ್ಟಿದ್ದೆ. ವಾಪಸ್ ಬಂದಾಗ ಅಪ್ಪ ಅತ್ತರು. ನನ್ನ ಅಕ್ಕ ಬಾಗಿಲು ತೆಗೆದಳು, ಮಾತಾಡಲಿಲ್ಲ.

ಕ್ಷಮೆ ಸಿಕ್ಕಿತು ಅಂದರೆ ಬಾಕಿ ತೀರಿತು ಅಂತ ಅಲ್ಲ. ಇದನ್ನು ನಮ್ಮಂಥವರೇ ಹೇಳಬೇಕು. ಬೈಬಲ್‌ನಲ್ಲಿ ಬರುವ ಶ್ರೀಮಂತ ಸುಂಕದವನು ಜಕ್ಕಾಯ ಏನನ್ನೂ ವಾಪಸ್ ಕೊಡುವ ಮುಂಚೆಯೇ ಯೇಸು ಅವನ ಮನೆಗೆ ಹೋದರು. ಆಮೇಲೆ ಅವನು ತಾನಾಗಿ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸದಿಂದ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ನಿಮ್ಮ ತಮ್ಮನಿಗೂ ಎದ್ದು ನಿಲ್ಲಲು ಜಾಗ ಕೊಡಿ. ಎಲ್ಲವನ್ನೂ ನೀವೇ ಮಾಡಿ ಒಳಗೊಳಗೇ ಕುದಿಯಬೇಡಿ. ನನಗೆ ಸಾಕಾಗಿದೆ ಅಂತ ಬಾಯಿಬಿಟ್ಟು ಹೇಳಿ.

ನನ್ನ ಅಕ್ಕ ಒಂದು ರಾತ್ರಿ ಅಪ್ಪನ ಮಾತ್ರೆ ಡಬ್ಬಿ ನನ್ನ ಕೈಗಿಟ್ಟಳು. “ಹತ್ತಕ್ಕೆ ಬಿಳಿದು, ಬೆಳಗ್ಗೆ ಆರಕ್ಕೆ ಹಳದಿ” ಅಂದಳು. ಎಷ್ಟೋ ದಿನದ ಮೇಲೆ ನನಗೆ ಆಡಿದ ಮೊದಲ ಮಾತು ಅದು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ರಾತ್ರಿಯಿಡೀ ಡಬ್ಬಿ ಹಿಡಿದುಕೊಂಡೇ ಕೂತಿದ್ದೆ. ಅವಳು ಎದ್ದಾಗ ಬೆಳಗ್ಗೆ ಎಂಟೂವರೆ. ಅಷ್ಟು ಹೊತ್ತಿನವರೆಗೆ ಅವಳು ಮಲಗಿದ್ದನ್ನು ಯಾವತ್ತೂ ನೋಡಿರಲಿಲ್ಲ ಅಂದರು ಅಪ್ಪ.