ಪಕ್ಕದಲ್ಲಿ ಗೋಡೆ ಒಡೆಯುತ್ತಿದ್ದಾರೆ, ಅಪ್ಪನಿಗೆ ಕೀಮೋ ನಡೆಯುತ್ತಿದೆ

ಪ್ರಶ್ನೆ: ಸಿಸ್ಟರ್, ನಮಸ್ಕಾರ. ಅಪ್ಪನಿಗೆ ರಕ್ತದ ಕ್ಯಾನ್ಸರ್. ಇಲ್ಲೇ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಕೀಮೋ ಆಗುತ್ತಿದೆ. ಪಕ್ಕದ ವಾರ್ಡಿನ ಗೋಡೆ ಒಡೆಯುತ್ತಿದ್ದಾರೆ. ಅಡ್ಡಕ್ಕೆ ಒಂದು ಹಸಿರು ನೆಟ್ ಅಷ್ಟೆ. ಬೆಳಿಗ್ಗೆ ಟಿಫಿನ್ ಡಬ್ಬಿ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಧೂಳು. ಕೇಳಿದರೆ "ನಮ್ಮೂರಲ್ಲಿ ಧೂಳಿಲ್ಲದ ಜಾಗ ಎಲ್ಲಿದೆ" ಅಂತಾರೆ. ನಾನು ಸುಮ್ನೆ ಹೆದರುತ್ತಿದ್ದೀನಾ?

ಉತ್ತರ: ಇಲ್ಲ ತಮ್ಮಾ. ಸೋಂಕು ತಡೆಯುವ ನರ್ಸ್ ಆಗಿ ನನ್ನ ಕೆಲಸವೇ ಇದು. ಹಳೇ ಗೋಡೆ, ಫಾಲ್ಸ್ ಸೀಲಿಂಗ್ ಮೇಲಿನ ಧೂಳಲ್ಲಿ ಆಸ್ಪರ್ಜಿಲಸ್ ಅನ್ನೋ ಬೂಷ್ಟಿನ ಬೀಜ ಇರುತ್ತದೆ. ಗಾತ್ರ 2–3 ಮೈಕ್ರಾನ್. ಕಣ್ಣಿಗೆ ಕಾಣಲ್ಲ, ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ನಾವೂ ದಿನಾ ಉಸಿರಾಡುತ್ತೇವೆ, ಮೈ ಅದನ್ನು ಕೊಂದುಹಾಕುತ್ತದೆ. ಕೀಮೋದಿಂದ ಬಿಳಿ ರಕ್ತಕಣ ಇಳಿದವರಿಗೆ ಆ ಕಾವಲು ಇಲ್ಲ. ಶ್ವಾಸಕೋಶದಲ್ಲೇ ಬೇರು ಬಿಡುತ್ತದೆ.

ಹಸಿರು ನೆಟ್ ಇಟ್ಟಿಗೆ ಚೂರು ತಡೆಯುತ್ತದೆ, ಅಷ್ಟೆ. ನೆಲದಿಂದ ಮೇಲಿನ ಸ್ಲ್ಯಾಬ್ ತನಕ ಬೋರ್ಡ್ ಹಾಕಿ ಸಂದಿಗೆಲ್ಲ ಟೇಪ್ ಹಚ್ಚಬೇಕು. ಫಾಲ್ಸ್ ಸೀಲಿಂಗಿಗೇ ನಿಲ್ಲಿಸಿದರೆ ಧೂಳು ಅದರ ಮೇಲಿಂದ ಬರುತ್ತದೆ. ಕೆಲಸ ನಡೆಯುವ ಜಾಗದ ಒಳಗೆ ಹೆಪಾ ಫಿಲ್ಟರ್ (ಕಣ್ಣಿಗೆ ಕಾಣದ ಧೂಳನ್ನೂ ಹಿಡಿಯುವ ಫಿಲ್ಟರ್) ಇರುವ ಎಕ್ಸಾಸ್ಟ್ ಓಡುತ್ತಿರಬೇಕು. ಆಗ ಗಾಳಿ ವಾರ್ಡಿನಿಂದ ಆ ಕಡೆ ಹೋಗುತ್ತದೆ, ಈ ಕಡೆ ಬರಲ್ಲ.

ಒಮ್ಮೆ ನಾನು ಇಂಥದೇ ಕೆಲಸದ ಜಾಗದ ಬಾಗಿಲ ಸಂದಿಗೆ ಟಿಶ್ಯೂ ಪೇಪರಿನ ಎಳೆ ಹಿಡಿದು ನೋಡಿದೆ. ಒಳಗೆ ವಾಲಬೇಕಿದ್ದ ಎಳೆ ನನ್ನ ಮುಖಕ್ಕೇ ಹಾರಿತು! ಬೋರ್ಡು, ಟೇಪು ಎಲ್ಲ ಸರಿಯಾಗಿತ್ತು. ಡ್ರಿಲ್ಲಿಗೆ ಪ್ಲಗ್ ಬೇಕಂತ ಹುಡುಗರು ಎಕ್ಸಾಸ್ಟ್ ಕಿತ್ತಿದ್ದರು.

ನೀನು ಇವತ್ತೇ ಡಾಕ್ಟರ ಹತ್ತಿರ ದೂರದ ರೂಮ್ ಕೇಳು. ಬಾಗಿಲು ಮುಚ್ಚಿರಲಿ. ಪೊರಕೆಯಲ್ಲಿ ಒಣ ಗುಡಿಸೋದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಒಡೆದ ಇಟ್ಟಿಗೆ, ಮಣ್ಣು ಸಾಗಿಸುವ ಲಿಫ್ಟಲ್ಲಿ ಅಪ್ಪನನ್ನು ಕರೆದೊಯ್ಯಬೇಡ. ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡ, ತಕ್ಷಣ ಹೇಳು.

ಪ್ರಶ್ನೆ: ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಸರ್ಜಿಕಲ್ ಮಾಸ್ಕ್ ಸಾಕಾ?

ಉತ್ತರ: ಸಾಲದು, ಕೆನ್ನೆ ಪಕ್ಕದಿಂದ ಗಾಳಿ ನುಗ್ಗುತ್ತದೆ. ಉಸಿರಿಗೆ ಕಷ್ಟ ಆಗಲ್ಲ ಅಂತ ಡಾಕ್ಟರ್ ಹೇಳಿದರೆ ಎನ್95 ಹಾಕಿಸು.

ಪ್ರಶ್ನೆ: ರೂಮ್ ಬದಲಾಯ್ತು ಸಿಸ್ಟರ್, ಥ್ಯಾಂಕ್ಸ್. ಆದರೆ ನಲ್ಲಿಯಲ್ಲಿ ಕೆಂಪು ನೀರು ಬರುತ್ತಿದೆ.

ಉತ್ತರ: ಪೈಪ್ ಕೆಲಸಕ್ಕೆ ನೀರು ನಿಲ್ಲಿಸಿ ಮತ್ತೆ ಬಿಟ್ಟಿರಬೇಕು. ನಿಂತ ನೀರಲ್ಲಿ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತದೆ, ತುಂತುರು ಉಸಿರಿಗೆ ಸೇರಿದರೆ ನ್ಯುಮೋನಿಯಾ. ಸದ್ಯ ಅಪ್ಪನಿಗೆ ಶವರ್ ಬೇಡ. ಮೇಂಟೆನೆನ್ಸ್‌ನವರು ಪೈಪ್ ಫ್ಲಶ್ ಮಾಡಲಿ, ಆಗ ಅಪ್ಪ ಆ ರೂಮಲ್ಲಿ ಇರಬಾರದು.