ಪಾಪರ್ (ದಿವಾಳಿ) ಕೇಸಿನಲ್ಲಿ ಬಾಕಿ ರುಜುವಾತಿಗೆ ಅಫಿಡವಿಟ್ ಸಾಕೇ?

ಅಡಿಕೆಸಿಪ್ಪೆ:
ಶಿವಮೊಗ್ಗದ ಮಂಡಿ ವ್ಯಾಪಾರಿಯೊಬ್ಬರನ್ನು ಕೋರ್ಟು ದಿವಾಳಿ ಎಂದು ಘೋಷಿಸಿದೆ. ತೀರ್ಥಹಳ್ಳಿ ಕಡೆಯ ಬೆಳೆಗಾರರಿಗೆ ರಾಶಿ, ಬೆಟ್ಟೆ ಅಡಿಕೆ ಹಾಕಿದ ಬಾಬ್ತು ಬರಬೇಕು. ಇರುವುದು ತೂಕದ ಚೀಟಿ, ಮನೆಯ ಲೆಕ್ಕದ ಪುಸ್ತಕ, ಒಂದಿಷ್ಟು ವಾಟ್ಸಾಪ್ ಸಂದೇಶ. ಅಫಿಡವಿಟ್ ಹಾಕಿದರೆ ಎದುರು ವಕೀಲರು 'ಅದು ಸಾಕ್ಷ್ಯವೇ ಅಲ್ಲ' ಅನ್ನುತ್ತಾರೆ. ನಿಜವೇ? ಅಪ್ಪನ ವ್ಯವಹಾರಕ್ಕೆ ಮಗ ಪ್ರಮಾಣ ಮಾಡಬಹುದೇ?

ಕಟಕಟೆ:
ಮೊದಲು ಯಾವ ಕಾಯ್ದೆ ಅಂತ ನೋಡಿಕೊಳ್ಳಿ. 2016ರ ದಿವಾಳಿ ಸಂಹಿತೆ ಕಂಪನಿಗಳಿಗೂ, ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೂ ನಡೆಯುತ್ತಿದೆ. ಒಬ್ಬನೇ ಮಾಲೀಕನ ಮಂಡಿಗೆ ಇವತ್ತಿಗೂ 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಆಕ್ಟೇ ಗತಿ. ವ್ಯಕ್ತಿಗಳ ದಿವಾಳಿಗೆ ಹೊಸ ಸಂಹಿತೆಯಲ್ಲಿರುವ ಭಾಗ ಇಂಥವರ ಮಟ್ಟಿಗೆ ಇನ್ನೂ ಜಾರಿಗೆ ಬಂದಿಲ್ಲ. ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಓಡಬೇಡಿ.

ಎದುರು ವಕೀಲರು ಹೇಳಿದ್ದು ಅರ್ಧ ಸರಿ. ಸಾಕ್ಷ್ಯ ಅಧಿನಿಯಮ 2023ರ 1ನೇ ಕಲಮೇ ಅಫಿಡವಿಟ್‌ಗಳನ್ನು ಹೊರಗಿಟ್ಟಿದೆ. ಹಳೆಯ 1872ರ ಕಾಯ್ದೆಯಲ್ಲೂ ಹೀಗೇ ಇತ್ತು. ಕೋರ್ಟಿನ ಆದೇಶವಿಲ್ಲದೆ ಅಫಿಡವಿಟ್ಟನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1988ರಲ್ಲಿ ಸುಧಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದು ಸಾಮಾನ್ಯ ದಾವೆಯ ಮಾತು. ಇಲ್ಲಿ 1920ರ ಕಾಯ್ದೆಯ 49ನೇ ಕಲಮೇ ದಾರಿ ತೆರೆದಿದೆ: ಸಾಲವನ್ನು ದೃಢೀಕರಿಸುವ ಅಫಿಡವಿಟ್ಟನ್ನು ಕೋರ್ಟಿಗೆ ಕೊಟ್ಟು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಸಾಲ ರುಜುವಾತು ಮಾಡಬಹುದು. ಅದರಲ್ಲಿ ಲೆಕ್ಕದ ವಿವರ ಇರಬೇಕು, ಯಾವ ಯಾವ ವೋಚರ್ (ಲೆಕ್ಕಕ್ಕೆ ಆಧಾರವಾದ ಚೀಟಿ) ಇದೆ ಅಂತ ಹೆಸರಿಸಬೇಕು. ಅಸಲು ವೋಚರನ್ನು ಕೋರ್ಟ್ ಯಾವಾಗ ಬೇಕಾದರೂ ತರಿಸಬಹುದು. ಹಾಗಾಗಿ ಜೆರಾಕ್ಸ್ ಕೊಟ್ಟು ಅಸಲನ್ನು ಹುಷಾರಾಗಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮಂಡಿ ಚೀಟಿಯ ಶಾಯಿ ಹೋಗುತ್ತದೆ, ಈಗಲೇ ಸ್ಕ್ಯಾನ್ ಮಾಡಿಸಿ.

ಬಾಕಿಯನ್ನು ಯಾರಾದರೂ ಅಲ್ಲಗಳೆದರೆ ಆಗ ಅಫಿಡವಿಟ್ ಮಾತ್ರ ನೆಚ್ಚಿಕೊಳ್ಳುವಂತಿಲ್ಲ. ಪ್ರಮಾಣ ಮಾಡಿದವರು ಪಾಟೀ ಸವಾಲಿಗೆ ತಯಾರಿರಬೇಕು. ಸವಾಲು ತಪ್ಪಿಸಿಕೊಂಡವರ ಅಫಿಡವಿಟ್‌ಗೆ ತೂಕವೇ ಉಳಿಯುವುದಿಲ್ಲ.

ಮಂಡಿಲೆಕ್ಕ:
ಮಗನ ಪ್ರಶ್ನೆಗೆ. ತೂಕದ ವೇಳೆ ಜೊತೆಗಿದ್ದು, ದರ ಮಾತಾಡಿದ್ದನ್ನು ತಾನೇ ಕೇಳಿದ್ದರೆ ಅಷ್ಟಕ್ಕೆ ಮಗ ಪ್ರಮಾಣ ಮಾಡಲಿ. ಅಪ್ಪನಿಗೆ ಮಾತ್ರ ಗೊತ್ತಿರುವುದಕ್ಕೆ ಅಪ್ಪನೇ ಬರಬೇಕು. ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಇದ್ದರೂ ಯಜಮಾನನ ಸ್ವಂತ ಅರಿವಿನ ಸಂಗತಿಗೆ ಅವನ ಬದಲು ಸಾಕ್ಷಿ ಹೇಳಲಾಗದು. ಸುಪ್ರೀಂ ಕೋರ್ಟಿನ 2004ರ ಜಾನಕಿ ಭೋಜ್ವಾನಿ ತೀರ್ಪು ಇದನ್ನೇ ಹೇಳುತ್ತದೆ.

ಅಫಿಡವಿಟ್ ಬಿದ್ದುಹೋಗುವುದು ಹೆಚ್ಚಾಗಿ ಕೊನೆಯ ದೃಢೀಕರಣದ ಸಾಲಿನಲ್ಲಿ. 'ಎಲ್ಲವೂ ನನ್ನ ಅರಿವು ಮತ್ತು ನಂಬಿಕೆಯಂತೆ ನಿಜ' ಅಂತ ಒಟ್ಟಾರೆ ಬರೆದರೆ ಎದುರಾಳಿಗೆ ಹಬ್ಬ. ಯಾವ ಪ್ಯಾರಾ ಸ್ವಂತ ಅರಿವು, ಯಾವುದು ದಾಖಲೆ ನೋಡಿ ಬರೆದದ್ದು, ಯಾವುದು ವಕೀಲರ ಸಲಹೆ ಅಂತ ಬಿಡಿಸಿ ಬರೆಯಿರಿ. ಪ್ರತಿ ಲೋಡಿಗೂ ತಾರೀಕು, ಚೀಟಿ ನಂಬರ್, ಅಡಿಕೆಯ ಬಗೆ, ಕ್ವಿಂಟಾಲ್, ದರ, ಬಂದ ಮುಂಗಡ, ಉಳಿದ ಬಾಕಿ ಬೇಕು. ಬಂದ ಮುಂಗಡ ಮುಚ್ಚಿಟ್ಟರೆ ಉಳಿದದ್ದನ್ನೂ ನಂಬುವುದಿಲ್ಲ. ಬಡ್ಡಿ ಮಾತಾಡಿರದಿದ್ದರೆ 1920ರ ಕಾಯ್ದೆಯ 48ನೇ ಕಲಮಿನಡಿ ವರ್ಷಕ್ಕೆ ಶೇ 6 ಮೀರುವಂತಿಲ್ಲ.

ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಕನ್ನಡದಲ್ಲಿ ಸಹಿ ಹಾಕಿಸುವುದಾದರೆ, ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂಬ ಷರಾ ಬೇಕೇ ಬೇಕು. ಕನ್ನಡದಲ್ಲೇ ಬರೆಸಿದರೆ ಈ ತಾಪತ್ರಯವೇ ಇಲ್ಲ. ನೋಟರಿ ಎದುರು ಪ್ರಮಾಣ ಮಾಡಿ ಸಹಿ ಹಾಕಿದರೆ ಸಾಕು.

ಅಡಿಕೆಸಿಪ್ಪೆ:
ಲೆಕ್ಕದ ಪುಸ್ತಕ, ವಾಟ್ಸಾಪ್?

ಕಟಕಟೆ:
ಪುಸ್ತಕ ದಿನದಿನವೂ ಕ್ರಮವಾಗಿ ಬರೆದದ್ದಾದರೆ ಗಣನೆಗೆ ಬರುತ್ತದೆ. ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು (ಹೊಸ ಅಧಿನಿಯಮದ 28ನೇ ಕಲಮು). ತೂಕದ ಚೀಟಿಯೊಂದಿಗೆ ತಾಳೆಯಾಗಬೇಕು. ಬಿಡಿ ಹಾಳೆಗಳು ಪುಸ್ತಕ ಅನ್ನಿಸಿಕೊಳ್ಳುವುದಿಲ್ಲ.

ವಾಟ್ಸಾಪ್ ಮುದ್ರಿತ ಪ್ರತಿ ಹಾಕಿದರೆ ಅದೇ ಅಧಿನಿಯಮದ 63(4)ನೇ ಕಲಮಿನ ಸರ್ಟಿಫಿಕೇಟ್ ಜೊತೆಗಿರಲಿ. ಎರಡು ಭಾಗ: ಒಂದಕ್ಕೆ ಸಂದೇಶ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರದ್ದು, ಎರಡರಲ್ಲೂ ಹ್ಯಾಶ್ ಮೌಲ್ಯ (ಫೈಲು ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು). ಮೂಲ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ.

ಇನ್ನೂ ಅರ್ಜಿ ಹಾಕದವರು ಹತಾಶರಾಗಬೇಡಿ. ದಿವಾಳಿಯಾದವನಿಗೆ ಸಾಲದಿಂದ ಬಿಡುಗಡೆಯ ಆದೇಶ ಸಿಗುವ ತನಕ ರುಜುವಾತು ಕೊಟ್ಟು, ಬಾಕಿ ಬರಬೇಕಾದವರ ಪಟ್ಟಿಗೆ ಹೆಸರು ಸೇರಿಸಲು 1920ರ ಕಾಯ್ದೆಯ 33ನೇ ಕಲಮಿನಡಿ ಕೇಳಬಹುದು. ಆದರೆ ಆಗಲೇ ಹಂಚಿಹೋದ ಹಣವನ್ನು ವಾಪಸ್ ತರಿಸಲಾಗುವುದಿಲ್ಲ, ಬೇಗ ಹಾಕಿ.