ಶಾಖಾ ಗ್ರಂಥಾಲಯದ ಆಧುನೀಕರಣವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಓದುಗರ ಬಳಗದ ಸದಸ್ಯ):

ನಮ್ಮ ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯದಲ್ಲಿ ಸುಮಾರು 14,000 ಪುಸ್ತಕಗಳಿವೆ. ಊರಿನ ದಾನಿಯೊಬ್ಬರು ನಾಲ್ಕು ಕಂಪ್ಯೂಟರ್‌ಗಳನ್ನೂ ಇಂಟರ್‌ನೆಟ್ ಸಂಪರ್ಕವನ್ನೂ ಕೊಡಿಸಲು ಮುಂದೆ ಬಂದಿದ್ದು, ಅವನ್ನು ಹೇಗೆ ಬಳಸಬೇಕೆಂದು ನಮ್ಮ ಬಳಗದ ಅಭಿಪ್ರಾಯ ಕೇಳಿದ್ದಾರೆ. ಇ-ಪುಸ್ತಕಗಳ ವಿಭಾಗವಾಗಲಿ ಎಂದು ಕೆಲವರು, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಮೀಸಲಿಡೋಣ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ನನ್ನ ಅನುಭವ ಬೇರೆಯೇ ಇದೆ. ಕಳೆದ ತಿಂಗಳು ಮೊಮ್ಮಗಳಿಗಾಗಿ ಜನಪದ ಕಥೆಗಳ ಒಂದು ಸಂಕಲನವನ್ನು ಕೇಳಿದಾಗ, ‘ಇರಬೇಕು, ಹುಡುಕಿಕೊಳ್ಳಿ’ ಎಂಬ ಉತ್ತರ ಬಂತು. ಒಂದು ಗಂಟೆ ಹುಡುಕಿದ ಮೇಲೆ ಅದು ಕೃಷಿ ಪುಸ್ತಕಗಳ ಕಪಾಟಿನ ಕೆಳಸಾಲಿನಲ್ಲಿ, ಸೆಣಬಿನ ಹುರಿಯಿಂದ ಕಟ್ಟಿದ ಗಂಟಿನೊಳಗೆ ಸಿಕ್ಕಿತು. ಕೊನೆಯ ಬಾರಿ ಎರವಲು ಹೋದ ದಿನಾಂಕದ ಮುದ್ರೆ 1998ರದು. ಇಂಥ ಸ್ಥಿತಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಯಾವುದು?

ಉತ್ತರ 1 (ನಿವೃತ್ತ ಗ್ರಂಥಪಾಲಕಿ):

ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಮೊದಲು ಆಗಬೇಕಾದದ್ದು ಗ್ರಂಥಸೂಚಿ. ಇರುವ ಪುಸ್ತಕ ಯಾವುದು, ಅದು ಯಾವ ಕಪಾಟಿನಲ್ಲಿದೆ ಎಂದು ಹೇಳಲಾಗದ ಗ್ರಂಥಾಲಯಕ್ಕೆ ಎಷ್ಟು ಕಂಪ್ಯೂಟರ್ ಬಂದರೂ ಓದುಗನ ಪಾಲಿಗೆ ಅದು ಹಳೆಯ ಗ್ರಂಥಾಲಯವೇ. ಓದುಗನ ಸಮಯವನ್ನು ಉಳಿಸಬೇಕೆಂಬುದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಒಂದು; ನಿಮ್ಮ ಒಂದು ಗಂಟೆ ವ್ಯರ್ಥವಾದದ್ದು ಆ ಸೂತ್ರ ಪಾಲನೆಯಾಗದ ಕಾರಣಕ್ಕೆ.

ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕೋಹಾ ಗ್ರಂಥಾಲಯಗಳಿಗೆಂದೇ ಮಾಡಿದ ಮುಕ್ತ ತಂತ್ರಾಂಶ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಸಿದ್ಧಪಡಿಸಿದ ಇ-ಗ್ರಂಥಾಲಯ ಎಂಬ ತಂತ್ರಾಂಶವೂ ಇದೆ. ಆದರೆ ನಮೂದುಗಳನ್ನು ಕನ್ನಡ ಲಿಪಿಯಲ್ಲಿ, ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ರೀತಿ ಓದಲು, ಹುಡುಕಲು ಬರುವ ಯೂನಿಕೋಡ್ ಅಕ್ಷರ ಸಂಕೇತದಲ್ಲೇ ಮಾಡಿಸಬೇಕೆಂದು ದಯವಿಟ್ಟು ಹಟ ಹಿಡಿಯಿರಿ. ನಾನು ಕೆಲಸ ಮಾಡಿದ ಒಂದು ಕಡೆ ಸಾವಿರಾರು ಶೀರ್ಷಿಕೆಗಳನ್ನು ರೋಮನ್ ಅಕ್ಷರಗಳಲ್ಲಿ ಏರಿಸಿದ್ದರು. ದೀರ್ಘವನ್ನು ಒಬ್ಬರು ಎರಡು ‘ಎ’ ಹಾಕಿ, ಇನ್ನೊಬ್ಬರು ಒಂದೇ ‘ಎ’ ಹಾಕಿ ಬರೆದಿದ್ದರು. ‘ಳ’ಕಾರಕ್ಕೂ ‘ಲ’ಕಾರಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ. ಹುಡುಕಿದರೆ ‘ಲಭ್ಯವಿಲ್ಲ’ ಎಂದು ಬರುತ್ತಿತ್ತು, ಪುಸ್ತಕ ಮಾತ್ರ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇರುತ್ತಿತ್ತು. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳಿದ್ದರೆ ಅವನ್ನೂ ಪರಿವರ್ತಿಸಿ, ಒಂದೊಂದೇ ಸಾಲನ್ನು ಕಣ್ಣಾರೆ ನೋಡಿ ತಿದ್ದಿಸಬೇಕು, ಏಕೆಂದರೆ ಅರ್ಕಾವತ್ತು, ಒತ್ತಕ್ಷರಗಳು ಪರಿವರ್ತನೆಯಲ್ಲಿ ಸುಲಭವಾಗಿ ಕೆಡುತ್ತವೆ.

ಇನ್ನೊಂದು ತೊಡಕು ಕಾವ್ಯನಾಮಗಳದು. ಕುವೆಂಪು ಎಂದು ಹುಡುಕಿದವರಿಗೂ ಕೆ.ವಿ. ಪುಟ್ಟಪ್ಪ ಎಂದು ಹುಡುಕಿದವರಿಗೂ, ಬೇಂದ್ರೆ ಎಂದವರಿಗೂ ಅಂಬಿಕಾತನಯದತ್ತ ಎಂದವರಿಗೂ ಒಂದೇ ಪಟ್ಟಿ ಸಿಗಬೇಕು. ಕೋಹಾದಲ್ಲಿ ಲೇಖಕರ ಹೆಸರಿಗೆ ಪ್ರತ್ಯೇಕ ದಾಖಲೆ ಮಾಡಿ ಪರ್ಯಾಯ ಹೆಸರುಗಳನ್ನು ಅದಕ್ಕೆ ಜೋಡಿಸಲು ಅವಕಾಶವಿದೆ. ಬೇರೆಡೆಯಿಂದ ಮಾಹಿತಿಯನ್ನು ಇಳಿಸಿಕೊಳ್ಳಬಹುದೆಂದು ಯಾರಾದರೂ ಹೇಳಿದರೆ ನೆಚ್ಚಿಕೊಳ್ಳಬೇಡಿ. ನಮ್ಮ ಹಳೆಯ ಕನ್ನಡ ಪುಸ್ತಕಗಳಲ್ಲಿ ಪುಸ್ತಕವನ್ನು ಗುರುತಿಸಿ ಹುಡುಕಲು ನೆರವಾಗುವ ಐಎಸ್‌ಬಿಎನ್ ಸಂಖ್ಯೆಯೇ ಇರುವುದಿಲ್ಲ, ಪುಸ್ತಕವನ್ನು ಕೈಯಲ್ಲಿ ಹಿಡಿದೇ ನಮೂದಿಸಬೇಕು.

ಉತ್ತರ 2 (ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ):

ಮೇಲಿನ ಮಾತನ್ನು ಒಪ್ಪುತ್ತೇನೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ, ಮರುವರ್ಷದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡೆವು. ನಮ್ಮಲ್ಲಿ ಮಕ್ಕಳು ಕಂಪ್ಯೂಟರ್ ನೋಡಲು ಬಂದದ್ದು ನಿಜ, ಆದರೆ ಉಳಿದುಕೊಂಡದ್ದು ಅವರ ಎತ್ತರಕ್ಕೆ ಸರಿಯಾಗಿ ಕೆಳಸಾಲಿನಲ್ಲಿ, ಮುಖಪುಟ ಕಾಣುವಂತೆ ಪುಸ್ತಕಗಳನ್ನು ಜೋಡಿಸಿದ ಮೇಲೆ. ಹಣದ ವಿಷಯವನ್ನೂ ಮರೆಯಬೇಡಿ. 1965ರ ಗ್ರಂಥಾಲಯ ಅಧಿನಿಯಮದಂತೆ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಉಪಕರವಾಗಿ ಸಂಗ್ರಹವಾಗುತ್ತದೆ. ಅದು ನಾವೆಲ್ಲರೂ ಕೊಡುತ್ತಿರುವ ಹಣ. ನಿಮ್ಮ ಊರಿನಲ್ಲಿ ಎಷ್ಟು ಸಂಗ್ರಹವಾಯಿತು, ಎಷ್ಟು ಗ್ರಂಥಾಲಯ ಪ್ರಾಧಿಕಾರಕ್ಕೆ ಸಂದಾಯವಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿರಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಗ್ರಂಥಾಲಯದಲ್ಲಿರುವುದು ಒಬ್ಬರೇ ಸಿಬ್ಬಂದಿ. 14,000 ಪುಸ್ತಕಗಳನ್ನು ಯಾರು ನಮೂದಿಸುವುದು?

ಉತ್ತರ 1ರವರು:

ದಾನಿಗಳಿಗೆ ನಾಲ್ಕರ ಬದಲು ಎರಡೇ ಕಂಪ್ಯೂಟರ್ ಸಾಕೆಂದು ಹೇಳಿ, ಉಳಿದ ಹಣದಲ್ಲಿ ಗ್ರಂಥಾಲಯ ವಿಜ್ಞಾನ ಓದಿದ ಇಬ್ಬರು ಯುವಕ ಯುವತಿಯರಿಗೆ ಗೌರವಧನ ಕೊಡಲು ಕೋರಿರಿ. ಇಬ್ಬರೂ ಸೇರಿ ದಿನಕ್ಕೆ ನೂರು ಪುಸ್ತಕ ಮುಗಿಸಿದರೆ 140 ಕೆಲಸದ ದಿನಗಳು ಸಾಕಾಗುತ್ತವೆ. ಅದಕ್ಕೂ ಮುನ್ನ ಜಿಲ್ಲಾ ಕೇಂದ್ರ ಗ್ರಂಥಾಲಯದಿಂದ ಲಿಖಿತ ಅನುಮತಿ ಪಡೆಯಿರಿ. ಹರಿದ ಪುಸ್ತಕವನ್ನೂ ಓದುಗರ ಬಳಗವೇ ರದ್ದಿಗೆ ಹಾಕುವಂತಿಲ್ಲ. ಪರಿಗ್ರಹಣ ವಹಿಯ (ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನು ಕ್ರಮವಾಗಿ ಬರೆದಿಡುವ ದಾಖಲೆ ಪುಸ್ತಕದ) ಕ್ರಮದಲ್ಲಿ ಹೋಗದೆ ಕಪಾಟಿನ ಕ್ರಮದಲ್ಲಿ ಹೋಗಿ, ಏಕೆಂದರೆ ವಹಿಯಲ್ಲಿದ್ದು ಕಪಾಟಿನಲ್ಲಿಲ್ಲದ ಪುಸ್ತಕಗಳು ಕೊನೆಗೆ ತಾವಾಗಿಯೇ ಗೊತ್ತಾಗುತ್ತವೆ. ಮಕ್ಕಳ ಕಪಾಟಿನಿಂದಲೇ ಆರಂಭಿಸಿ, ಆ ಹುರಿ ಕಟ್ಟಿದ ಗಂಟುಗಳನ್ನು ಮೊದಲ ದಿನವೇ ಬಿಚ್ಚಿ.